ಮೀಟಿಂಗ್‌ಗೆ ಹೋಗುವಾಗ ಗಣಿತದ ನೋಟ್‌ಬುಕ್ ಚೀಲದಲ್ಲಿರಲಿ

ಪ್ರಶ್ನೆ: ನನ್ನ ಮಗ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ 4ನೇ ಕ್ಲಾಸ್. ನಾನು ಪಿಯುಸಿವರೆಗೂ ಕನ್ನಡ ಮೀಡಿಯಂನಲ್ಲೇ ಓದಿದವಳು. ನಮ್ಮ ಮನೆಯವರು ಗೂಡ್ಸ್ ಗಾಡಿ ಓಡಿಸುತ್ತಾರೆ, ಮನೆಗೆ ಬರುವುದೇ ರಾತ್ರಿ ಹತ್ತಕ್ಕೆ. ಹೋದ ಸಲದ ಪೇರೆಂಟ್ಸ್ ಮೀಟಿಂಗ್‌ನಲ್ಲಿ ಮಿಸ್ ಇಂಗ್ಲಿಷ್‌ನಲ್ಲಿ ಏನೇನೋ ಹೇಳಿದರು. 'ಕೇರ್‌ಲೆಸ್ ಮಿಸ್ಟೇಕ್ಸ್', 'ಟಾಕೆಟಿವ್' ಅಂದಿದ್ದಷ್ಟೇ ಅರ್ಥವಾಯಿತು. 'ಓಕೆ ಮಿಸ್, ಓಕೆ ಮಿಸ್' ಅಂತ ತಲೆಯಾಡಿಸಿ ಬಂದೆ. ಮನೆಗೆ ಬಂದು ಮಗನಿಗೆ ಚೆನ್ನಾಗಿ ಬೈದೆ. ಈಗ ಎಸ್‌ಎ-1 (ಅರ್ಧವಾರ್ಷಿಕ) ಪರೀಕ್ಷೆಯಲ್ಲಿ ಗಣಿತದ ಮಾರ್ಕ್ಸ್ ಇನ್ನೂ ಕೆಳಗೆ ಹೋಗಿದೆ. ಬರುವ ಶನಿವಾರ ಮತ್ತೆ ಮೀಟಿಂಗ್. ಅಲ್ಲಿ ಏನು ಕೇಳಬೇಕು, ಹೇಗೆ ಕೇಳಬೇಕು ಅಂತಲೇ ಗೊತ್ತಾಗುತ್ತಿಲ್ಲ. ಮಗನನ್ನೂ ಕರೆದುಕೊಂಡು ಹೋಗಬೇಕಾ?
– ಹಾಸನದ ಒಬ್ಬ ತಾಯಿ

ಉತ್ತರ: ನಿಮ್ಮ 'ಓಕೆ ಮಿಸ್' ಓದಿ ನನ್ನದೇ ನೆನಪಾಯಿತು. 27 ವರ್ಷ ಪ್ರೈಮರಿ ಮಕ್ಕಳಿಗೆ ಪಾಠ ಮಾಡಿದವಳು ನಾನು. ಮೇಜಿನ ಆ ಕಡೆ ಕೂತು ಎಷ್ಟೋ ಅಪ್ಪ ಅಮ್ಮಂದಿರ ಜೊತೆ ಮಾತಾಡಿದ್ದೇನೆ. ಆದರೂ ನನ್ನ ಮಗಳ ಮೀಟಿಂಗ್‌ಗೆ ಹೋದಾಗ ನಾನು ಮಾಡಿದ್ದೂ ಅದೇ. ಅವಳ ಟೀಚರ್ ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರು. ಆದರೆ ಮಕ್ಕಳ ಆ ಪುಟ್ಟ ಬೆಂಚಿನ ಮೇಲೆ ಮಂಡಿ ಮಡಚಿ ಕೂತ ತಕ್ಷಣ ನಾನೇ ಮೂರನೇ ಕ್ಲಾಸಿನ ಹುಡುಗಿ ಆಗಿಬಿಟ್ಟೆ. ಅವರು ಹೇಳಿದ್ದಕ್ಕೆಲ್ಲ 'ಸರಿ ಮೇಡಂ' ಅಂದು ಎದ್ದು ಬಂದೆ. ಗೇಟು ದಾಟಿದ ಮೇಲೆ ಕೇಳಬೇಕಾದ್ದೆಲ್ಲ ಒಂದೊಂದಾಗಿ ನೆನಪಾಯಿತು. ಹಾಗಾಗಿ ಇದನ್ನು ಇಂಗ್ಲಿಷ್ ಬಾರದವರ ಸಮಸ್ಯೆ ಅಂದುಕೊಳ್ಳಬೇಡಿ. ತಯಾರಿ ಇಲ್ಲದೆ ಹೋದ ಎಲ್ಲರಿಗೂ ಹೀಗೇ ಆಗುತ್ತದೆ.

ಮೊದಲು ಒಂದು ಲೆಕ್ಕ ಹಾಕೋಣ. ಕ್ಲಾಸಿನಲ್ಲಿ 42 ಮಕ್ಕಳು ಅಂದುಕೊಳ್ಳಿ. ಮೀಟಿಂಗ್ ಬೆಳಗ್ಗೆ 9ರಿಂದ 12. ಒಟ್ಟು 180 ನಿಮಿಷ. ಒಬ್ಬೊಬ್ಬರಿಗೆ ನಾಲ್ಕು ನಿಮಿಷ ಚಿಲ್ಲರೆ. ಅದರಲ್ಲಿ ನಿಮ್ಮ ಮಗನ ಮಾರ್ಕ್ಸ್ ಕಾರ್ಡ್ ಹುಡುಕುವುದು, ಸಹಿ ಹಾಕಿಸುವುದು, 'ಬನ್ನಿ, ಕೂತ್ಕೊಳ್ಳಿ' ಅನ್ನುವುದು ಸೇರಿ ಒಂದು ನಿಮಿಷ ಹೋಯಿತು. ಉಳಿದದ್ದು ಮೂರು ನಿಮಿಷ. ಹನ್ನೊಂದೂವರೆ ಹೊತ್ತಿಗೆ ಟೀಚರ್ ಗಂಟಲು ಒಣಗಿರುತ್ತದೆ. ಆಗ ಬಾಯಿಗೆ ಬರುವುದು ಇಂಥ ಸಿದ್ಧ ಮಾತುಗಳೇ. 'ಕೇರ್‌ಲೆಸ್', 'ಕಾನ್ಸಂಟ್ರೇಶನ್ ಇಲ್ಲ', 'ಕ್ಯಾನ್ ಡು ಬೆಟರ್'. ನಾನೂ ಎಷ್ಟೋ ಸಲ ಹಾಗೇ ಹೇಳಿ ಕಳಿಸಿದ್ದೇನೆ, ಒಪ್ಪಿಕೊಳ್ಳುತ್ತೇನೆ. ಅದು ಸುಳ್ಳಲ್ಲ. ಆದರೆ ಆ ಮಾತು ಕಟ್ಟಿಕೊಂಡು ಮನೆಗೆ ಹೋದ ತಾಯಿಗೆ ಮಾಡಲು ಏನೂ ಇರುವುದಿಲ್ಲ, ಬೈಯುವುದು ಬಿಟ್ಟರೆ.

ಅದಕ್ಕೇ ಮೀಟಿಂಗ್‌ನ ಮುಕ್ಕಾಲು ಕೆಲಸ ಶುಕ್ರವಾರ ರಾತ್ರಿಯೊಳಗೆ ಮನೆಯಲ್ಲೇ ಮುಗಿದಿರಬೇಕು. ಆ ಕೆಲಸಕ್ಕೆ ಬೇಕಾಗಿರುವುದು ಮಗನ ಗಣಿತದ ನೋಟ್‌ಬುಕ್. ಮಾರ್ಕ್ಸ್ ಕಾರ್ಡ್ ಅಲ್ಲ. ಕಾರ್ಡ್ ಎಷ್ಟು ತಪ್ಪಾಗಿದೆ ಅಂತ ಹೇಳುತ್ತದೆ. ಏನು ತಪ್ಪಾಗಿದೆ ಅನ್ನುವುದು ನೋಟ್‌ಬುಕ್‌ನಲ್ಲಿ ಇರುತ್ತದೆ. ಎಸ್‌ಎ-1ರ ಉತ್ತರ ಪತ್ರಿಕೆ ಮನೆಗೆ ಕಳಿಸಿದ್ದರೆ ಇನ್ನೂ ಒಳ್ಳೆಯದು. ಕಳಿಸಿಲ್ಲದಿದ್ದರೆ ಶನಿವಾರ ನೋಡಲು ಕೊಡಿ ಅಂತ ಡೈರಿಯಲ್ಲಿ ಈಗಲೇ ಒಂದು ಸಾಲು ಬರೆದು ಕಳಿಸಿ. ಆವತ್ತೇ ಕೇಳಿದರೆ ಅದನ್ನು ಹುಡುಕುವುದರಲ್ಲೇ ನಿಮ್ಮ ನಾಲ್ಕು ನಿಮಿಷ ಮುಗಿಯುತ್ತದೆ.

ಈಗ ನೋಟ್‌ಬುಕ್ ತೆರೆದು ಕೆಂಪು ಶಾಯಿ ಬಿದ್ದ ಲೆಕ್ಕಗಳನ್ನು ಮಾತ್ರ ನೋಡಿ. ನಾಲ್ಕನೇ ಕ್ಲಾಸಿನವರ ಪುಸ್ತಕದಲ್ಲಿ ನಾನು ತುಂಬಾ ನೋಡಿರುವ ತಪ್ಪೊಂದನ್ನು ಹೇಳುತ್ತೇನೆ. ಲೆಕ್ಕ 503ರಲ್ಲಿ 268 ಕಳೆಯುವುದು. ಸರಿ ಉತ್ತರ 235. ಮಗು ಬರೆದದ್ದು 365. ಮೇಲೆ ಮೇಲೆ ನೋಡಿದರೆ 'ಗಮನ ಇಲ್ಲ' ಅನಿಸುತ್ತದೆ, ಅಲ್ವಾ? ಒಂದು ನಿಮಿಷ ನಿಂತು ನೋಡಿ. ಬಿಡಿಯಲ್ಲಿ 3 ಮತ್ತು 8. ಮೂರರಲ್ಲಿ ಎಂಟು ಹೋಗುವುದಿಲ್ಲ, ಅದಕ್ಕೆ ಮಗು ಎಂಟರಲ್ಲೇ ಮೂರು ಕಳೆದು 5 ಬರೆದಿದೆ. ಹತ್ತರಲ್ಲಿ 0 ಮತ್ತು 6. ಸೊನ್ನೆಯಲ್ಲಿ ಆರು ಹೋಗುವುದಿಲ್ಲ, ಆರರಲ್ಲಿ ಸೊನ್ನೆ ಕಳೆದು 6. ನೂರರಲ್ಲಿ 5ರಲ್ಲಿ 2 ಹೋದರೆ 3. ಹೀಗೆ 365. ಮಗು ಪ್ರತಿ ಸಾಲಿನಲ್ಲೂ ದೊಡ್ಡದರಲ್ಲಿ ಚಿಕ್ಕದನ್ನು ಕಳೆಯುತ್ತಾ ಹೋಗಿದೆ. ಅದರ ಲೆಕ್ಕದಲ್ಲಿ ಒಂದು ನಿಯಮ ಇದೆ, ಆ ನಿಯಮ ತಪ್ಪು, ಅಷ್ಟೇ. ಪಕ್ಕದ ಮನೆಯಿಂದ ಸಾಲ ತರುವುದು ಅದಕ್ಕೆ ಇನ್ನೂ ತಲೆಗೆ ಹತ್ತಿಲ್ಲ. ಮಧ್ಯದ ಮನೆಯಲ್ಲಿ ಸೊನ್ನೆ ಇದ್ದರಂತೂ ಇನ್ನೂ ಕಷ್ಟ. ಇದಕ್ಕೂ ಗಮನಕ್ಕೂ ಸಂಬಂಧವಿಲ್ಲ. 'ಗಮನ ಇಟ್ಟು ಮಾಡು' ಅಂತ ನೂರು ಸಲ ಹೇಳಿದರೂ ಮಗು ಗಮನ ಇಟ್ಟೇ 365 ಬರೆಯುತ್ತದೆ.

ನಿಮ್ಮ ಮಗನ ತಪ್ಪು ಇದೇ ಆಗಿರಬೇಕು ಅಂತೇನಿಲ್ಲ. ಆದರೆ ಒಂದೇ ಜಾತಿಯ ತಪ್ಪು ಎರಡು ಮೂರು ಕಡೆ ಸಿಕ್ಕಿದರೆ ಅಲ್ಲಿ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ, ಪುಟದ ಮೂಲೆ ಮಡಚಿಡಿ.

ಇನ್ನೊಂದು ಪರೀಕ್ಷೆ ಇದೆ. ನೀವು ಕನ್ನಡದಲ್ಲಿ ಓದಿದವರಾದ್ದರಿಂದ ಇದನ್ನು ನೀವೇ ಚೆನ್ನಾಗಿ ಮಾಡಬಲ್ಲಿರಿ. ಪುಸ್ತಕದಲ್ಲಿ ಇಂಗ್ಲಿಷ್ ವಾಕ್ಯದ ಲೆಕ್ಕಗಳಿರುತ್ತವೆ. ಒಬ್ಬನ ಹತ್ತಿರ 34 ಗೋಲಿ, ಇನ್ನೊಬ್ಬನ ಹತ್ತಿರ 19. ಕೊನೆಗೆ 'ಹೌ ಮೆನಿ ಮೋರ್' ಅಂತ ಕೇಳಿರುತ್ತದೆ. ಎಷ್ಟೋ ಮಕ್ಕಳು 'ಮೋರ್' ನೋಡಿದ ಕೂಡಲೇ ಎರಡನ್ನೂ ಕೂಡಿ 53 ಬರೆದುಬಿಡುತ್ತಾರೆ. ಅದೇ ಲೆಕ್ಕವನ್ನು ಬಾಯಿಮಾತಿನಲ್ಲಿ ಕೇಳಿ. 'ಅವನ ಹತ್ತಿರ 34 ಇದೆ ಕಣೋ, ನಿನ್ನ ಹತ್ತಿರ 19 ಇದೆ. ಅವನಷ್ಟೇ ಆಗಬೇಕು ಅಂದ್ರೆ ನಿನಗೆ ಇನ್ನೂ ಎಷ್ಟು ಬೇಕು?' ಥಟ್ಟನೆ 15 ಅಂದರೆ ಗಣಿತ ಸರಿಯಾಗಿದೆ, ಇಂಗ್ಲಿಷ್ ವಾಕ್ಯ ಅರ್ಥವಾಗುತ್ತಿಲ್ಲ. ಕನ್ನಡದಲ್ಲಿ ಕೇಳಿದರೂ ತಡವರಿಸಿದರೆ ತೊಂದರೆ ಲೆಕ್ಕದಲ್ಲೇ ಇದೆ. ಎರಡಕ್ಕೂ ಔಷಧಿ ಬೇರೆ ಬೇರೆ. ಈ ಒಂದು ಸಂಗತಿಯನ್ನು ನೀವು ಮಿಸ್‌ಗೆ ಹೇಳಿದರೆ ಅವರಿಗೇ ಎಷ್ಟೋ ಉಪಕಾರ. ಮಗುವಿನ ಮನೆಮಾತಿನಲ್ಲಿ ಕೂತು ಲೆಕ್ಕ ಕೇಳುವ ಪುರುಸೊತ್ತು ಕ್ಲಾಸಿನಲ್ಲಿ ಅವರಿಗೆ ಸಿಗುವುದಿಲ್ಲ.

ಮೂರನೆಯದು, ಬೋರ್ಡಿನಿಂದ ಬರೆದುಕೊಂಡ ಲೆಕ್ಕವನ್ನೂ ಪಠ್ಯಪುಸ್ತಕದಿಂದ ಬರೆದುಕೊಂಡ ಲೆಕ್ಕವನ್ನೂ ಹೋಲಿಸಿ ನೋಡಿ. ಬೋರ್ಡಿನದ್ದರಲ್ಲಿ ಮಾತ್ರ ಅಂಕಿಗಳು ಅದಲು ಬದಲಾಗಿದ್ದರೆ, 8 ಇದ್ದದ್ದು 3 ಆಗಿದ್ದರೆ, ಮೊದಲು ಕಣ್ಣು ತೋರಿಸಿ. ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗಿ ಸದಾ ಪಕ್ಕದವಳ ಜೊತೆ ಗುಸುಗುಸು ಅನ್ನುತ್ತಿದ್ದಳು. ಎರಡು ಮೀಟಿಂಗ್‌ಗಳಲ್ಲಿ ಅವಳ ಅಪ್ಪನಿಗೆ 'ತುಂಬಾ ಮಾತು' ಅಂತ ದೂರು ಹೇಳಿದೆ. ಮೂರನೇ ಸಲ ಅವರು ಬಂದಾಗ ಮಗಳಿಗೆ ಕನ್ನಡಕ ಬಂದಿತ್ತು. ಅವಳು ಕೇಳುತ್ತಿದ್ದದ್ದು ಬೋರ್ಡಿನ ಮೇಲೆ ಏನು ಬರೆದಿದೆ ಅಂತ. ಕನ್ನಡಕ ಬಂದ ಮೇಲೆ ಮಾತೂ ನಿಂತಿತು. ಆ ಅಪ್ಪ ಒಂದು ಮಾತೂ ಆಡಲಿಲ್ಲ, ನನಗೇ ಮುಖ ತೋರಿಸಲು ಆಗಲಿಲ್ಲ.

ಆದ್ದರಿಂದ 'ಟಾಕೆಟಿವ್' ಅಂದರೆ ತಲೆಯಾಡಿಸಬೇಡಿ. ಯಾವ ಪೀರಿಯಡ್‌ನಲ್ಲಿ ಜಾಸ್ತಿ? ಯಾರ ಜೊತೆ? ಕೆಲಸ ಮುಗಿಸಿ ಮಾತಾಡುತ್ತಾನಾ, ಕೆಲಸ ಬಿಟ್ಟು ಮಾತಾಡುತ್ತಾನಾ? ಬೇಗ ಮುಗಿಸಿ ಬೇಜಾರಾಗಿ ಮಾತಾಡುವ ಮಗು ಬೇರೆ, ಅರ್ಥವಾಗದೆ ಪಕ್ಕದವನನ್ನು ಕೇಳುವ ಮಗು ಬೇರೆ. 'ಕೇರ್‌ಲೆಸ್' ಅಂದರೆ ಮಡಚಿಟ್ಟ ಪುಟ ತೆಗೆದು 'ಇಂಥ ತಪ್ಪಾ ಮಿಸ್?' ಅಂತ ತೋರಿಸಿ. ನನ್ನ ಅನುಭವದಲ್ಲಿ ಪುಟ ಎದುರಿಗೆ ಬಂದ ಕೂಡಲೇ ಟೀಚರ್ ಧ್ವನಿ ಬದಲಾಗುತ್ತದೆ. ಸಿದ್ಧ ಮಾತು ಬಿಟ್ಟು ಅವರೂ ಆ ಲೆಕ್ಕದ ಮೇಲೆ ಬಗ್ಗುತ್ತಾರೆ. ಆವತ್ತಿನ 42 ಜನರಲ್ಲಿ ನೋಟ್‌ಬುಕ್ ತಂದವರು ನೀವೊಬ್ಬರೇ ಇದ್ದರೂ ಆಶ್ಚರ್ಯವಿಲ್ಲ.

ಇನ್ನು ಭಾಷೆ. ಕೂತ ತಕ್ಷಣ, ಅವರು ಶುರು ಮಾಡುವ ಮೊದಲೇ, 'ಮಿಸ್, ಕನ್ನಡದಲ್ಲಿ ಮಾತಾಡೋಣ್ವಾ? ನನಗೆ ಸರಿಯಾಗಿ ಅರ್ಥ ಆಗಬೇಕು' ಅಂದುಬಿಡಿ. ಕ್ಷಮಿಸಿ, ತಪ್ಪು ತಿಳಿಯಬೇಡಿ ಅನ್ನುವುದೆಲ್ಲ ಬೇಡ. ಹಾಸನದಲ್ಲಿ ಪಾಠ ಮಾಡುವ ಟೀಚರ್‌ಗೆ ಕನ್ನಡ ಬರುವ ಸಾಧ್ಯತೆಯೇ ಜಾಸ್ತಿ. ಎಷ್ಟೋ ಟೀಚರ್‌ಗಳು ಕ್ಲಾಸಿನ ಅಭ್ಯಾಸದಲ್ಲಿ, ಇಲ್ಲವೇ ಮ್ಯಾನೇಜ್‌ಮೆಂಟ್ ಏನನ್ನುತ್ತದೋ ಅನ್ನುವ ಭಯದಲ್ಲಿ ಇಂಗ್ಲಿಷ್ ಮಾತಾಡುತ್ತಿರುತ್ತಾರೆ. ನೀವೇ ಕೇಳಿದರೆ ಅವರಿಗೂ ನಿರಾಳ. ನಿಜಕ್ಕೂ ಕನ್ನಡ ಬಾರದ ಟೀಚರ್ ಆಗಿದ್ದರೆ ಪಕ್ಕದ ಸೆಕ್ಷನ್ ಟೀಚರನ್ನೋ ಆಯಾ ಅಮ್ಮನನ್ನೋ ಎರಡು ನಿಮಿಷ ಕರೆಯಿರಿ ಅಂತ ಕೇಳಿ. ಮಗನನ್ನೇ ಮಧ್ಯೆ ಕೂರಿಸಿಕೊಂಡು ಅರ್ಥ ಹೇಳಿಸಬೇಡಿ. ಅವನ ಮೇಲಿನ ದೂರನ್ನು ಅವನ ಬಾಯಿಂದಲೇ ಕೇಳಿದರೆ ಪಾಪ, ಅರ್ಧ ನುಂಗಿಕೊಳ್ಳುತ್ತಾನೆ. ನಾನಾದರೂ ನುಂಗುತ್ತಿದ್ದೆ!

ಅಳುಕು ಬೇಡ ಅನ್ನಲು ಇನ್ನೊಂದು ಕಾರಣವೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಶಿಕ್ಷಕರ ಕರ್ತವ್ಯಗಳ ಬಗ್ಗೆ 24ನೇ ಸೆಕ್ಷನ್ ಇದೆ. ಪೋಷಕರ ಜೊತೆ ಆಗಾಗ ಸಭೆ ನಡೆಸಿ ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ, ಕಲಿಕೆಯಲ್ಲಿ ಆದ ಪ್ರಗತಿಯನ್ನು ತಿಳಿಸಬೇಕು ಅಂತ ಅದರಲ್ಲಿ ಬರೆದಿದೆ. ಅಂದರೆ ನೀವು ಯಾರ ದಾಕ್ಷಿಣ್ಯಕ್ಕೂ ಹೋಗುತ್ತಿಲ್ಲ. ಕಾಯ್ದೆ ತೋರಿಸಿ ಜಗಳ ಆಡಿ ಅಂತ ಹೇಳುತ್ತಿಲ್ಲ, ಸುಮ್ನೆ ಮನಸ್ಸಿನಲ್ಲಿರಲಿ. ಬೆನ್ನು ನೆಟ್ಟಗಿರುತ್ತದೆ.

ಶುಕ್ರವಾರ ಸಂಜೆ ಬೀನ್ಸ್ ಬಿಡಿಸುತ್ತಲೋ ಚಪಾತಿ ಲಟ್ಟಿಸುತ್ತಲೋ ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. 'ಸ್ಕೂಲ್ ಹೇಗಿದೆ' ಅಂದರೆ 'ಚೆನ್ನಾಗಿದೆ' ಅಂತ ಎದ್ದು ಹೋಗುತ್ತಾನೆ. 'ನಾಳೆ ಮಿಸ್ ನಿನ್ನ ಬಗ್ಗೆ ನನಗೆ ಏನು ಹೇಳಬಹುದು?' ಅಂತ ಕೇಳಿ. ಇದಕ್ಕೆ ಮಕ್ಕಳು ಕೊಡುವ ಉತ್ತರ ಕೇಳಬೇಕು ನೀವು! ದೊಡ್ಡವರಿಗಿಂತ ಸರಿಯಾಗಿ ಹೇಳುತ್ತಾರೆ. ಊಟದ ಹೊತ್ತಿಗೆ ಯಾರ ಜೊತೆ ಕೂರುತ್ತೀಯ, ಈಗ ಯಾವ ಬೆಂಚು ಅಂತಲೂ ಕೇಳಿ. ಮಿಸ್‌ಗೆ ನಾನು ಏನಾದರೂ ಹೇಳಬೇಕಾ ಅಂತ ಕೇಳಿ. ಕೊನೆಯ ಬೆಂಚು, ಯಾರೋ ಟಿಫಿನ್ ಕಿತ್ತುಕೊಳ್ಳುತ್ತಾರೆ, ಟಾಯ್ಲೆಟ್‌ಗೆ ಬಿಡುವುದಿಲ್ಲ – ಇಂಥವು ಆಗ ಹೊರಗೆ ಬರುತ್ತವೆ. ಹೇಳಿದ ಕೂಡಲೇ 'ಮೊದಲೇ ಯಾಕೆ ಹೇಳಲಿಲ್ಲ' ಅಂತ ರೇಗಬೇಡಿ, ಮುಂದಿನ ಸಲ ಬಾಯಿ ಬಿಡುವುದಿಲ್ಲ.

ಆಮೇಲೆ ಒಂದು ಚೀಟಿ ತೆಗೆದುಕೊಂಡು ಕನ್ನಡದಲ್ಲೇ ನಾಲ್ಕು ಸಾಲು ಬರೆದುಕೊಳ್ಳಿ. ಮನೆಯಲ್ಲಿ ಏನಾಗುತ್ತಿದೆ ಅನ್ನುವುದು ಒಂದು. ಅವನು ಎಷ್ಟು ಹೊತ್ತಿಗೆ ಮಲಗುತ್ತಾನೆ, ಅಪ್ಪ ಬರುವವರೆಗೆ ಕಾಯುತ್ತಾನಾ, ಬೆಳಗ್ಗೆ ವ್ಯಾನ್ ಎಷ್ಟಕ್ಕೆ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವಾ. ನಿಮ್ಮ ಮನೆಯವರು ಬರುವುದೇ ಹತ್ತಕ್ಕೆ ಅಂದಿರಿ. ಮಗ ಹತ್ತೂವರೆಗೆ ಮಲಗಿ ಆರಕ್ಕೆ ಎದ್ದರೆ ಮೊದಲ ಪೀರಿಯಡ್‌ನಲ್ಲಿ ಕಣ್ಣು ಎಳೆಯುವುದು ಸಹಜ. ಗಣಿತ ಮೊದಲ ಪೀರಿಯಡ್ಡೇ ಆಗಿದ್ದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ನೋಟ್‌ಬುಕ್‌ನಲ್ಲಿ ಮಡಚಿಟ್ಟ ಪುಟದ ತಪ್ಪು ಎರಡನೆಯದು. ಮನೆಯಲ್ಲಿ ನಾನು ದಿನಾ ಮಾಡಬಹುದಾದ ಒಂದೇ ಒಂದು ಕೆಲಸ ಯಾವುದು ಅನ್ನುವ ಪ್ರಶ್ನೆ ಮೂರನೆಯದು. ಒಂದೇ, ಹತ್ತಲ್ಲ. ಟೀಚರ್ ಹತ್ತು ಹೇಳಿದರೆ 'ಇದರಲ್ಲಿ ಮೊದಲು ಯಾವುದು ಮಿಸ್?' ಅಂತ ಕೇಳಿ. ನಾಲ್ಕನೆಯದು, ಸರಿ ಹೋಗಿದೆಯಾ ಅಂತ ಮತ್ತೆ ಯಾವಾಗ ಕೇಳಲಿ ಅನ್ನುವುದು. ಮೂರು ವಾರ ಸಾಕು. ಮುಂದಿನ ಮೀಟಿಂಗ್‌ವರೆಗೆ ಬಿಟ್ಟರೆ ಅಷ್ಟೊತ್ತಿಗೆ ಇನ್ನೊಂದು ಪರೀಕ್ಷೆ ಮುಗಿದಿರುತ್ತದೆ.

ಚೀಟಿ ನೋಡಿಕೊಂಡು ಮಾತಾಡಲು ನಾಚಿಕೆ ಬೇಡ. ಟೀಚರ್ ಎದುರಿಗೂ ಒಂದು ರಿಜಿಸ್ಟರ್ ಇರುತ್ತದಲ್ಲ.

ಅಲ್ಲಿ ಬೇಡದ ಮಾತುಗಳೂ ಕೆಲವಿವೆ. ಫೀಸು, ವ್ಯಾನ್, ಯೂನಿಫಾರ್ಮ್ ವಿಷಯ ಆಫೀಸಿನಲ್ಲಿ ಮಾತಾಡಿ. ಪಕ್ಕದ ಮನೆ ಹುಡುಗನಿಗೆ ಎಷ್ಟು ಬಂತು ಅನ್ನುವುದನ್ನು ಬಿಟ್ಟೇಬಿಡಿ. ಟೀಚರ್ ಬಗ್ಗೆಯೇ ನಿಮ್ಮ ಮನಸ್ಸಿನಲ್ಲಿ ಬೇಸರ ಇದ್ದರೆ ಹಿಂದೆ ಹತ್ತು ಜನ ಕಾಯುವಾಗ ತೆಗೆಯಬೇಡಿ, 'ಬೇರೆ ದಿನ ಹತ್ತು ನಿಮಿಷ ಕೊಡಿ' ಅಂತ ಕೇಳಿ. ವಾಟ್ಸಾಪ್ ಗ್ರೂಪಿನಲ್ಲಂತೂ ಖಂಡಿತ ಬೇಡ.

ಎಲ್ಲಕ್ಕಿಂತ ಬೇಡದ್ದು ಇನ್ನೊಂದಿದೆ. ನಮ್ಮ ಕಡೆ ಅಪ್ಪ ಅಮ್ಮಂದಿರು ಪ್ರೀತಿಯಿಂದಲೇ ಹೇಳುವ ಮಾತು ಅದು. 'ಎರಡು ಬಾರಿಸಿ ಮಿಸ್, ನಾವೇನೂ ಕೇಳಲ್ಲ.' ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ಅದೇ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ನೀವು ಒಪ್ಪಿಗೆ ಕೊಟ್ಟರೂ ಅವರು ಹೊಡೆಯುವಂತಿಲ್ಲ. ಕಾನೂನು ಹಾಗಿರಲಿ. ಒಬ್ಬ ಅಪ್ಪ ನನ್ನೆದುರು ಹೀಗಂದಾಗ ಪಕ್ಕದಲ್ಲಿ ನಿಂತಿದ್ದ ಹುಡುಗ ತನ್ನ ಶೂ ನೋಡುತ್ತಾ ಒಳಗೆ ಕಾಲ್ಬೆರಳು ಮಡಚುತ್ತಿದ್ದ. ಕ್ಯಾನ್ವಾಸ್ ಶೂ, ಬೆರಳು ಎದ್ದು ಬೀಳುವುದು ಕಾಣುತ್ತಿತ್ತು. ಆ ವರ್ಷ ಪೂರ್ತಿ ಅವನು ನನ್ನ ಹತ್ತಿರ ಒಂದು ಡೌಟ್ ಕೇಳಲು ಬರಲಿಲ್ಲ.

ಹಾಗಾದರೆ ಮಗನನ್ನು ಕರೆದುಕೊಂಡು ಹೋಗಬೇಕಾ? ಶಾಲೆಯವರು ಕರೆತನ್ನಿ ಅಂದಿದ್ದರೆ ಕರೆದುಕೊಂಡು ಹೋಗಿ. ಆದರೆ ಮೊದಲ ಎರಡು ನಿಮಿಷ ಹೊರಗೆ ನಿಲ್ಲಿಸಿ, ನೀವು ಮಾತಾಡಿ, ಆಮೇಲೆ ಒಳಗೆ ಕರೆಯಿರಿ. ಅವನೆದುರು ಮಿಸ್ ಒಂದು ಒಳ್ಳೆ ಮಾತು ಹೇಳುವ ಹಾಗೆ ಮಾಡುವುದು ನಿಮ್ಮ ಕೈಯಲ್ಲಿದೆ. 'ಇವನು ಯಾವುದರಲ್ಲಿ ಚೆನ್ನಾಗಿ ಮಾಡ್ತಾನೆ ಮಿಸ್?' ಅಂತ ನೇರವಾಗಿ ಕೇಳಿ. ಕೇಳಿದರೆ ಪ್ರತಿ ಟೀಚರ್ ಹತ್ತಿರವೂ ಒಂದು ಉತ್ತರ ಇರುತ್ತದೆ. ಕೇಳದಿದ್ದರೆ ಹೊತ್ತಿಲ್ಲದೆ ಹೋಗುತ್ತದೆ, ಅಷ್ಟೇ.

ಮನೆಯವರು ಶನಿವಾರ ಅರ್ಧ ದಿನ ಬಿಡುವು ಮಾಡಿಕೊಂಡರೆ ಒಳ್ಳೆಯದೇ. ಆದರೆ ಬಂದು ಮೂಲೆಯಲ್ಲಿ ಮೊಬೈಲ್ ನೋಡುತ್ತಾ ನಿಲ್ಲುವುದಾದರೆ ಬಾಡಿಗೆ ತಪ್ಪಿಸಿಕೊಳ್ಳುವುದು ಬೇಡ. ಹೋಂವರ್ಕ್‌ಗೆ ಯಾರು ಕೂರುತ್ತಾರೋ ಅವರು ಹೋಗಬೇಕು. ನಿಮ್ಮ ಮನೆಯಲ್ಲಿ ಅದು ನೀವೇ. ಸಾಧ್ಯವಾದರೆ ಒಂಬತ್ತಕ್ಕೆ ಹತ್ತು ನಿಮಿಷ ಮೊದಲೇ ಹೋಗಿ. ಟೀಚರ್ ತಲೆ ಆಗ ಇನ್ನೂ ಹಗುರಾಗಿರುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಲೆಕ್ಕ ಒಂದೇ ಅಲ್ಲದೆ ಓದುವುದೂ ಕಷ್ಟವಾಗುತ್ತಿದ್ದರೆ, ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಅಕ್ಷರ ಅದಲು ಬದಲಾಗುತ್ತಿದ್ದರೆ, ಒತ್ತಕ್ಷರ ದೀರ್ಘ ಎಷ್ಟು ತಿದ್ದಿದರೂ ನಿಲ್ಲದಿದ್ದರೆ, ಮೀಟಿಂಗ್‌ನಲ್ಲಿ ಅದನ್ನು ಬಿಡಿಸಿ ಹೇಳಿ, ಟೀಚರ್‌ಗೂ ಹಾಗೇ ಅನಿಸಿದೆಯಾ ಕೇಳಿ. ಇಬ್ಬರಿಗೂ ಅನಿಸಿದ್ದರೆ ಪರೀಕ್ಷೆ ಮಾಡಿಸುವುದೇ ಸರಿ. ನಿಮಗೆ ಹತ್ತಿರದಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಕಲಿಕೆಯ ಇಂಥ ತೊಂದರೆ ಇದ್ದರೆ ಅದನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಗುರುತಿಸುತ್ತದೆ. ಆದರೆ ನಾಲ್ಕು ನಿಮಿಷದ ಮೀಟಿಂಗ್‌ನಲ್ಲಿ ಯಾರೇ ಆಗಲಿ ಮಗುವಿಗೆ ಕಾಯಿಲೆಯ ಹೆಸರು ಇಟ್ಟರೆ ನಂಬಬೇಡಿ. ನಿಮ್ಮ ಪತ್ರ ನೋಡಿದರೆ ಅಂಥದ್ದೇನೂ ಕಾಣುವುದಿಲ್ಲ.

ಮೀಟಿಂಗ್ ಮುಗಿಸಿ ಬಂದ ಮೇಲೆ ಮಗ ಬಾಗಿಲಲ್ಲೇ ಕಾಯುತ್ತಿರುತ್ತಾನೆ, ಹೋದ ಸಲದ ಬೈಗುಳ ಅವನಿಗೆ ನೆನಪಿರುತ್ತದೆ. ಮೊದಲು ಮಿಸ್ ಹೇಳಿದ ಒಳ್ಳೆ ಮಾತನ್ನು ಅವರ ಮಾತಿನಲ್ಲೇ ಹೇಳಿ. ಮಿಕ್ಕಿದ್ದನ್ನು ಊಟ ಆದ ಮೇಲೆ ನೋಡಿಕೊಂಡರಾಯಿತು. ಸೋಮವಾರ ಡೈರಿಯಲ್ಲಿ ಎರಡು ಸಾಲು ಬರೆದು ಕಳಿಸಿ. 'ನೀವು ಹೇಳಿದ ಹಾಗೆ ದಿನಾ ಐದು ಕಳೆಯುವ ಲೆಕ್ಕ ಮಾಡಿಸುತ್ತೇನೆ. ಮೂರು ವಾರ ಆದ ಮೇಲೆ ಹೇಗಿದ್ದಾನೆ ತಿಳಿಸಿ.' ಕನ್ನಡದಲ್ಲಿ ಬರೆದರೆ ಏನೂ ತಪ್ಪಿಲ್ಲ. ಬರೆದದ್ದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ, ಬಾಯಿಮಾತು ಮರೆತುಹೋಗುತ್ತದೆ.

ಅವನ ತಪ್ಪು 365ರ ಜಾತಿಯದ್ದೇ ಆಗಿದ್ದರೆ ಟ್ಯೂಷನ್ ಹುಡುಕುವ ಮೊದಲು ಮನೆಯಲ್ಲಿರುವ ದುಡ್ಡಿನಲ್ಲೇ ಒಂದು ವಾರ ಆಡಿಸಿ ನೋಡಿ. ಅವನ ಕೈಗೆ ನೂರರ ಐದು ನೋಟು, ಒಂದು ರೂಪಾಯಿಯ ಮೂರು ನಾಣ್ಯ ಕೊಡಿ. ಹತ್ತರ ನೋಟು ಒಂದೂ ಕೊಡಬೇಡಿ. ನಿಜವಾದ ನೋಟು ಅಷ್ಟು ಇಲ್ಲದಿದ್ದರೆ ಹಳೇ ಕ್ಯಾಲೆಂಡರ್ ಕತ್ತರಿಸಿ ಮಾಡಿಕೊಳ್ಳಿ. ನೀವು ಅಂಗಡಿಯವರಾಗಿ. 'ಸಾಮಾನು 268 ರೂಪಾಯಿ ಆಯ್ತು, ಮೊದಲು ಎಂಟು ರೂಪಾಯಿ ಚಿಲ್ಲರೆ ಕೊಡಪ್ಪ' ಅನ್ನಿ. ಅವನ ಹತ್ತಿರ ಮೂರೇ ಇದೆ. ಒದ್ದಾಡಲಿ, ನೀವು ಹೇಳಿಕೊಡಬೇಡಿ. ನೂರರ ಒಂದು ನೋಟು ಮುರಿಸಿದರೆ ಹತ್ತರ ಹತ್ತು ನೋಟು, ಅದರಲ್ಲಿ ಒಂದನ್ನು ಮುರಿಸಿದರೆ ಹತ್ತು ನಾಣ್ಯ. ಈಗ ಅವನ ಮುಂದೆ ನೂರರ ನಾಲ್ಕು, ಹತ್ತರ ಒಂಬತ್ತು, ಒಂದರ ಹದಿಮೂರು ಇರುತ್ತವೆ. ಎಂಟು ನಾಣ್ಯ, ಹತ್ತರ ಆರು, ನೂರರ ಎರಡು ಕೊಟ್ಟ ಮೇಲೆ ಕೈಯಲ್ಲಿ ಉಳಿದದ್ದನ್ನು ಅವನೇ ಎಣಿಸಲಿ. ಆಮೇಲೆ ನೋಟ್‌ಬುಕ್ ತೆಗೆದು ಅದೇ ಲೆಕ್ಕ ಇನ್ನೊಂದು ಸಲ ಬರೆಯಲು ಹೇಳಿ.